ಸನ್ನದೊಂದೇ ಸಾಲದು

ಅನ್ಯಮತದ ನೆರೆಯವನನ್ನು ಕಾಪಾಡುವುದು ಅರಸನ ಸನ್ನದೋ, ಜನರ ಧರ್ಮಬುದ್ಧಿಯೋ? ಒಂಬತ್ತನೆಯ ಶತಮಾನದ ಫ್ರಾಂಕರ ಕ್ರೈಸ್ತ ಸಾಮ್ರಾಜ್ಯದಲ್ಲಿ ಬಾಳಿದ ಯೆಹೂದ್ಯರ ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಅರಸರಿಗೆ ಅವರು ಬೇಕಾದವರಾಗಿದ್ದರು. 797ರಲ್ಲಿ ಅರಸ ಶಾರ್ಲ್‌ಮೇನ್ ಬಾಗ್ದಾದಿಗೆ ಕಳುಹಿದ ನಿಯೋಗದಲ್ಲಿ ಐಸಾಕನೆಂಬ ಯೆಹೂದ್ಯನಿದ್ದನು. ಜೊತೆಗಿದ್ದ ಇಬ್ಬರು ಫ್ರಾಂಕರು ಮಡಿದರೂ, ಆತನು 802ರಲ್ಲಿ ಖಲೀಫನು ಕೊಟ್ಟ ಆನೆಯೊಡನೆ ಆಖೆನ್ ನಗರಕ್ಕೆ ಮರಳಿದನು. ಶಾರ್ಲ್‌ಮೇನನ ಮಗ ಲೂಯಿ ಸುಮಾರು 825ರಲ್ಲಿ ಕೆಲವು ಯೆಹೂದ್ಯರಿಗೆ ರಕ್ಷಣೆಯ ಸನ್ನದುಗಳನ್ನು ನೀಡಿದನು. ಅವರು ತಮ್ಮ ಧರ್ಮಶಾಸ್ತ್ರದಂತೆ ಬಾಳಬಹುದಿತ್ತು. ಬೆಂಕಿ, ಕುದಿನೀರುಗಳ ದಿವ್ಯಪರೀಕ್ಷೆಗೆ ಅವರನ್ನು ಗುರಿಪಡಿಸುವಂತಿರಲಿಲ್ಲ. ಯೆಹೂದ್ಯರ ಹಿತವನ್ನು ನೋಡಿಕೊಳ್ಳಲು ಅರಮನೆಯ ಅಧಿಕಾರಿಯೊಬ್ಬನೂ ಇದ್ದನು.

ಇದನ್ನು ವಿರೋಧಿಸಿದವರು ಲಿಯೋನ್ ನಗರದ ಮಹಾಧರ್ಮಾಧ್ಯಕ್ಷ ಅಗೋಬಾರ್ಡರು. ಅವರು ಮೂಢರಲ್ಲ, ದಿವ್ಯಪರೀಕ್ಷೆಯಿಂದ ನ್ಯಾಯ ತೀರ್ಮಾನಿಸುವುದನ್ನು ಖಂಡಿಸಿದ ವಿಚಾರವಂತರು. ಯೆಹೂದ್ಯರ ಮನೆಯ ದಾಸರಿಗೆ ಒಡೆಯನ ಒಪ್ಪಿಗೆಯಿಲ್ಲದೆ ಜ್ಞಾನಸ್ನಾನ ಕೊಡಬಾರದೆಂಬ ಅಪ್ಪಣೆ ಅವರನ್ನು ನೋಯಿಸಿತು. ದಾಸನ ಆತ್ಮಕ್ಕಾಗಿ ಮರುಗಿದುದು ತಪ್ಪಲ್ಲ. ಆದರೆ ಆ ಮರುಕವು ಇಡೀ ಸಮುದಾಯದ ಮೇಲಿನ ದ್ವೇಷವಾಯಿತು. ಯೆಹೂದ್ಯರೊಡನೆ ಊಟಮಾಡಬಾರದೆಂದು ಅವರು ಜನರಿಗೆ ಬೋಧಿಸಿದರು. ಸಬ್ಬತ್ತಿಗಾಗಿ ಶನಿವಾರದ ಸಂತೆಯನ್ನು ಬೇರೆ ದಿನಕ್ಕೆ ಬದಲಿಸಿದ್ದನ್ನೂ, ಹೊಸ ಸಿನಗಾಗುಗಳು ಏಳುತ್ತಿದ್ದುದನ್ನೂ ದೂರಿದರು. ಯೆಹೂದ್ಯರು ನಮ್ಮ ಗುರುಗಳಿಗಿಂತ ಚೆನ್ನಾಗಿ ಬೋಧಿಸುತ್ತಾರೆಂದು ಕ್ರೈಸ್ತರೇ ಹೇಳುತ್ತಿದ್ದರೆಂಬುದು ಅವರ ಇನ್ನೊಂದು ಅಳಲು. ಬೋಧನೆ ಸಪ್ಪೆಯಾದರೆ ಅದನ್ನು ತಿದ್ದಿಕೊಳ್ಳಬೇಕಾದವರು ಗುರುಗಳೇ ಹೊರತು ನೆರೆಯವರಲ್ಲ.

ಅಂದು ಅರಸನು ಜಗ್ಗಲಿಲ್ಲ, ಯೆಹೂದ್ಯರು ಉಳಿದರು. ಆದರೆ ಜನರ ಮನಸ್ಸಿನಲ್ಲಿ ಬೇರೂರುವ ತಿರಸ್ಕಾರಕ್ಕೆ ಸನ್ನದು ತಡೆಯಾಗದು. 1090ರಲ್ಲಿ ಚಕ್ರವರ್ತಿ ನಾಲ್ಕನೆಯ ಹೆನ್ರಿಯು ವೋರ್ಮ್ಸ್ ನಗರದ ಯೆಹೂದ್ಯರಿಗೆ ಅಂತಹುದೇ ಅಭಯವನ್ನಿತ್ತನು. ಆರೇ ವರ್ಷಗಳಲ್ಲಿ, 1096ರಲ್ಲಿ, ಶಿಲುಬೆಯ ಗುರುತು ಧರಿಸಿದವರೇ ಅಲ್ಲಿ ಅವರನ್ನು ಕೊಂದರು. ಅರಸನ ಮುದ್ರೆಯಿದ್ದ ಕಾಗದ ಯಾರನ್ನೂ ಉಳಿಸಲಿಲ್ಲ.

ಕಾನೂನು ಕೈಯನ್ನು ಹಿಡಿಯಬಲ್ಲದು, ಹೃದಯವನ್ನು ತಿದ್ದಲಾರದು. ತಿದ್ದುವ ಹೊಣೆ ಧರ್ಮಪೀಠದ್ದು, ಮನೆಯದ್ದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಯೆಹೂದ್ಯ ದ್ವೇಷವನ್ನು ಖಂಡಿಸಿ, ಕ್ರಿಸ್ತರ ಮರಣದ ಅಪರಾಧವನ್ನು ಆ ಜನಾಂಗದ ಮೇಲೆ ಹೊರಿಸಲಾಗದೆಂದು ಸಾರಿತು. ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಸಂವಿಧಾನದ ರಕ್ಷಣೆಯೂ ಬೇಕು, ನೆರೆಯವರ ಸದ್ಭಾವವೂ ಬೇಕು. ನಾವು ಬಯಸುವ ಆ ಸದ್ಭಾವವನ್ನು ಅನ್ಯಮತೀಯರ ವಿಷಯದಲ್ಲಿ ನಮ್ಮ ಮಕ್ಕಳಿಗೆ ಕಲಿಸುತ್ತಿದ್ದೇವೆಯೇ? ಊಟದ ಹೊತ್ತಿನಲ್ಲಿ ನಾವಾಡುವ ಮಾತೇ ಅವರ ಮೊದಲ ಧರ್ಮೋಪದೇಶವೆಂಬುದನ್ನು ಮರೆಯದಿರೋಣ.