ಹೂವಿನ ಬಣ್ಣವನ್ನು ಕ್ಯಾಮೆರಾದ ಮರ್ಜಿಗೆ ಬಿಡಬೇಡಿ

ಹತ್ತಿ ಹೂ ಅರಳಿದ ದಿನ ಕೆನೆ ಬಣ್ಣದ್ದಾಗಿರುತ್ತದೆ. ಮರುದಿನ ಅದೇ ಹೂ ಗುಲಾಬಿಗೆ ತಿರುಗಿ ದಳ ಮುದುಡಿಕೊಳ್ಳುತ್ತದೆ. ಆಮೇಲೆ ಒಣಗಿ, ಎಳೆಗಾಯಿಯ ತುದಿಯಿಂದ ಕಳಚಿ ಬೀಳುತ್ತದೆ. ನಮ್ಮಲ್ಲಿ ಬೆಳೆಯುವ ಬಹುತೇಕ ಹತ್ತಿಯ ರೀತಿ ಇದೇ. ಒಂದೇ ಗಿಡದಲ್ಲಿ ಕೆನೆ ಹೂವೂ ಗುಲಾಬಿ ಹೂವೂ ಒಟ್ಟಿಗೆ ಕಾಣುವುದು ಈ ಕಾರಣಕ್ಕೆ. ಹೊಲದಲ್ಲೇ ಬೆಳೆದವರು ಬಣ್ಣ ನೋಡಿಯೇ ಇದು ಇವತ್ತಿನ ಹೂ, ಇದು ನಿನ್ನೆಯದು ಎಂದು ಹೇಳಿಬಿಡುತ್ತಾರೆ. ಆದರೆ ಅದೇ ಹೂವಿನ ಫೋಟೋ ನೋಡಿ ಹಾಗೆ ಹೇಳಲು ಎಷ್ಟೋ ಸಲ ಆಗುವುದಿಲ್ಲ. ಕೆನೆ ಬಣ್ಣ ಸುಣ್ಣದಂತೆ ಬೆಳ್ಳಗಾಗಿರುತ್ತದೆ, ಗುಲಾಬಿ ನೇರಳೆಗೆ ಜಾರಿರುತ್ತದೆ.

ನಾನು ಬಳಗಾನೂರಿನ ಒಂದು ಬೀಜ–ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿ ತೆರೆಯುವ ಮುಂಚೆ ಕ್ಯಾಮೆರಾ ಹಿಡಿದು ಹೊಲದ ಬದುಗಳಲ್ಲಿ ಸುತ್ತುವುದು ನನ್ನ ಬಹುಕಾಲದ ಹವ್ಯಾಸ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹತ್ತಿದ ಕಡೆ ಭತ್ತ, ಉಳಿದ ಎರೆ ಹೊಲಗಳಲ್ಲಿ ಹತ್ತಿ, ತೊಗರಿ, ಸೂರ್ಯಕಾಂತಿ, ಕುಸುಬಿ. ಸಿಂಧನೂರು–ಮಸ್ಕಿ ಸೀಮೆಯಲ್ಲಿ ಹೂವಿಗೆ ಬರವಿಲ್ಲ. ಅಂಗಡಿಗೆ ಬಂದ ರೈತರು ಮೊಬೈಲ್ ಮುಂದೆ ಹಿಡಿದು, “ಅಣ್ಣಾರೆ, ಈ ಹೂವಿಗೆ ಏನಾಗ್ಯಾದ ನೋಡ್ರಿ” ಎಂದು ಕೇಳುತ್ತಾರೆ. ಸಂಜೆಯಾದರೆ ಫೋಟೋ ಹುಚ್ಚಿನ ಹುಡುಗರು ತಾವು ತೆಗೆದ ದಾಸವಾಳ, ಚೆಂಡು ಹೂವಿನ ಚಿತ್ರ ತೋರಿಸಲು ಬರುತ್ತಾರೆ. ಇಬ್ಬರ ಚಿತ್ರಗಳಲ್ಲೂ ಕೊರತೆ ಒಂದೇ: ಹೂವಿದೆ, ಹೂವಿನ ಬಣ್ಣವಿಲ್ಲ. ಹೂವಿನ ಫೋಟೋ ತೆಗೆಯುವವರ ಮೊದಲ ಹೊಣೆ ಅದರ ಬಣ್ಣವನ್ನು ಇದ್ದದ್ದು ಇದ್ದಂತೆ ಕೊಡುವುದು ಎಂಬುದು ನನ್ನ ಗಟ್ಟಿ ನಂಬಿಕೆ. ಚೆಂದದ ಮಾತು ಅದರ ನಂತರದ್ದು.

ಕ್ಯಾಮೆರಾ ಎಡವುವುದೆಲ್ಲಿ ಎಂದು ತಿಳಿದರೆ ತಿದ್ದುವುದು ಕಷ್ಟವಿಲ್ಲ. ಕ್ಯಾಮೆರಾದೊಳಗಿನ ಮೀಟರಿಗೆ ಎದುರಿಗಿರುವುದು ಹೂವೋ ಮಣ್ಣೋ ಗೊತ್ತಾಗುವುದಿಲ್ಲ. ಮುಂದಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತವನ್ನು ಮರಳಿಸುವಂಥದ್ದು ಎಂದು ಅದು ಎಣಿಸಿಕೊಳ್ಳುತ್ತದೆ. ನಮ್ಮ ಎರೆ ಹೊಲದಲ್ಲಿ ಈ ಎಣಿಕೆ ತಲೆಕೆಳಗಾಗುತ್ತದೆ. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಮಣ್ಣು, ನಡುವೆ ಒಂದು ಕೆನೆ ಬಣ್ಣದ ಹತ್ತಿ ಹೂ ಎಂದಿಟ್ಟುಕೊಳ್ಳಿ. ಇಲ್ಲಿ ಬೆಳಕು ಕಡಿಮೆ ಎಂದುಕೊಂಡ ಮೀಟರು ಎಕ್ಸ್‌ಪೋಶರ್ ಏರಿಸುತ್ತದೆ. ಎರೆಮಣ್ಣು ಬೂದಿಯಂತಾಗುತ್ತದೆ, ಹೂವಿನ ದಳದ ಗೆರೆಗಳೆಲ್ಲ ಸುಟ್ಟು ಬಿಳಿಯಾಗುತ್ತವೆ. ಅದೇ ಕ್ಯಾಮೆರಾವನ್ನು ಬಿಳಿ ಬಟ್ಟೆಯ ಮೇಲೆ ಹರವಿದ ಮಲ್ಲಿಗೆಗೆ ಹಿಡಿದರೆ ಉಲ್ಟಾ: ಬೆಳಕು ಹೆಚ್ಚಾಯಿತು ಎಂದು ತಗ್ಗಿಸಿ, ಮಲ್ಲಿಗೆಯನ್ನು ಮಾಸಿದ ಬಟ್ಟೆಯ ಬಣ್ಣಕ್ಕೆ ತರುತ್ತದೆ.

ಹಾಗಾಗಿ ಕಪ್ಪು ಹಿನ್ನೆಲೆಯ ತಿಳಿ ಹೂವಿಗೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತನ್ನಿ. ಬಿಳಿಯೇ ತುಂಬಿದ ಚಿತ್ರಕ್ಕೆ ಒಂದು ಸ್ಟಾಪ್‌ನಷ್ಟು ಏರಿಸಿ, ಅಂದರೆ ಇಮ್ಮಡಿ ಮಾಡಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಹೂವನ್ನೇ ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಬೆಳಕು ಅಲ್ಲಿಗೇ ಲಾಕ್ ಆಗುತ್ತದೆ, ಪಕ್ಕದಲ್ಲಿ ಸೂರ್ಯನ ಗುರುತು ಮೂಡುತ್ತದೆ. ಅದನ್ನು ಬೆರಳಿನಿಂದ ಕೆಳಗೆ ಎಳೆಯುತ್ತಾ ಹೋಗಿ, ದಳದ ನರಗಳು ಕಾಣತೊಡಗಿದ ಕಡೆ ನಿಲ್ಲಿಸಿ. ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ. ಹೊಸ ಲೆನ್ಸ್ ಬೇಡ, ಖರ್ಚಿಲ್ಲ.

ಹಳದಿ ಮತ್ತು ಕೆಂಪು ಹೂಗಳಲ್ಲಿ ತೊಡಕು ಇನ್ನೂ ಒಳಗಿನದು. ಇಂದಿನ ಬಹುಪಾಲು ಕ್ಯಾಮೆರಾಗಳ ಸೆನ್ಸರ್ ಮೇಲಿರುವ ಬಣ್ಣದ ಜಾಲರಿ ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅವರದು. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ಅದರಲ್ಲಿ ಅರ್ಧದಷ್ಟು ಕಿಂಡಿಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ. ಪ್ರತಿ ಕಿಂಡಿಗೂ ಬೆಳಕು ಹಿಡಿಯುವುದಕ್ಕೆ ಒಂದು ಮಿತಿಯಿದೆ. ತುಂಬಿದ ಸೇರಿಗೆ ಮತ್ತೆ ಕಾಳು ಸುರಿದರೆ ಚೆಲ್ಲಿ ಹೋಗುವಂತೆ, ಮಿತಿ ಮೀರಿದ ಬೆಳಕು ಲೆಕ್ಕಕ್ಕೆ ಸಿಗುವುದಿಲ್ಲ. ಬಿಸಿಲಿನಲ್ಲಿ ಸೂರ್ಯಕಾಂತಿ ತೆಗೆದಾಗ ಮೊದಲು ತುಂಬುವುದು ಕೆಂಪು ಕಿಂಡಿ. ಅದು ತುಂಬಿ ನಿಂತ ಮೇಲೂ ಹಸಿರು ಏರುತ್ತಲೇ ಇರುತ್ತದೆ. ಆಗ ಕೇಸರಿ ಛಾಯೆಯ ಬಂಗಾರದ ಹಳದಿ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ, ಎಸಳಿನ ಉದ್ದಕ್ಕೂ ಇರುವ ಗೀರುಗಳು ಅಳಿಸಿ ಹೋಗುತ್ತವೆ.

ಕೆಂಪು ದಾಸವಾಳದಲ್ಲಿ ಇದು ಕಣ್ಣಿಗೆ ಬೀಳುವುದೂ ಇಲ್ಲ. ಕ್ಯಾಮೆರಾ ತೋರಿಸುವ ಸಾಧಾರಣ ಹಿಸ್ಟೋಗ್ರಾಮಿನಲ್ಲಿ, ಅಂದರೆ ಎಡದಿಂದ ಬಲಕ್ಕೆ ಬೆಳಕು ಏರುವ ಗ್ರಾಫಿನಲ್ಲಿ, ಹಸಿರಿಗೆ ಅರ್ಧಕ್ಕಿಂತ ಹೆಚ್ಚು ತೂಕ. ಕೆಂಪಿನದು ಅದರ ಅರ್ಧದಷ್ಟು. ಹೀಗಾಗಿ ಗ್ರಾಫ್ ಎಲ್ಲ ಸರಿಯಿದೆ ಎನ್ನುತ್ತಿರುವಾಗಲೇ ಒಳಗೆ ಕೆಂಪು ತುಂಬಿ ಚೆಲ್ಲಿರುತ್ತದೆ. ಮೂರು ಬಣ್ಣಗಳನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನೇ ಹಾಕಿಕೊಳ್ಳಿ. ಕೆಂಪು ಗೆರೆ ಬಲಗೋಡೆಗೆ ಬಡಿಯದಂತೆ ಬೆಳಕು ಇಳಿಸಿ. ಚಿತ್ರ ಸ್ವಲ್ಪ ಕಪ್ಪಾದರೂ ಚಿಂತೆಯಿಲ್ಲ. ಕಪ್ಪಾದದ್ದನ್ನು ಆಮೇಲೆ ಎತ್ತಬಹುದು, ಅದರಲ್ಲೂ ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲ್ ಆಗಿದ್ದರೆ. ಚೆಲ್ಲಿಹೋದ ಕೆಂಪನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಇನ್ನು ಬೆಳಕಿನದೇ ಬಣ್ಣ, ಅದನ್ನು ಅಳೆಯುವುದು ಕೆಲ್ವಿನ್ ಲೆಕ್ಕದಲ್ಲಿ. ನಡುಹಗಲ ಬಿಸಿಲು ಸುಮಾರು 5500 ಕೆಲ್ವಿನ್. ತಿಳಿ ಆಕಾಶದ ಕೆಳಗಿನ ನೆರಳು 7000ಕ್ಕೂ ಮೇಲೆ, ಅಂದರೆ ನೀಲಿ ಹೆಚ್ಚು. ಸೂರ್ಯ ಹುಟ್ಟುವ ಹೊತ್ತಿನ ಬೆಳಕು 3000ದ ಆಸುಪಾಸು, ಕೆಂಪು ಹೆಚ್ಚು. ನಮ್ಮ ಕಣ್ಣು ಇದಕ್ಕೆಲ್ಲ ತಾನೇ ಹೊಂದಿಕೊಳ್ಳುತ್ತದೆ. ಬೆಳಕಿನ ಬಣ್ಣವನ್ನು ಸರಿದೂಗಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಊಹೆ ಮಾಡುತ್ತದೆ. ಚೌಕಟ್ಟಿನ ತುಂಬ ಸೂರ್ಯಕಾಂತಿಯೇ ಇದ್ದರೆ, ಬೆಳಕೇ ಹಳದಿಯಾಗಿದೆ ಎಂದು ಊಹಿಸಿ ನೀಲಿ ಬೆರೆಸಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಬಿಸಿಲಿನಲ್ಲಿ ಬಿಸಿಲಿನ ಗುರುತಿಗೆ, ನೆರಳಿನಲ್ಲಿ ನೆರಳಿನ ಗುರುತಿಗೆ ನೀವೇ ಇಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಇನ್ನೂ ನಿಖರವಾಗಿ ಬೇಕೆನ್ನುವವರು ಬಣ್ಣ ಹೊಂದಿಸಲು ಹೂವಿನ ಪಕ್ಕದಲ್ಲಿ ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ಮೊದಲು ಒಂದು ಚಿತ್ರ ತೆಗೆದುಕೊಳ್ಳಲಿ. ಕಾರ್ಡ್ ಬದಲು ಬಿಳಿ ಧೋತರ ಬಳಸುವವರಿದ್ದಾರೆ. ನೀಲಿ ಹಾಕಿ ಒಗೆದ ಧೋತರದ ಬಿಳಿಯಲ್ಲಿ ನೀಲಿ ಇದ್ದೇ ಇರುತ್ತದೆ. ಬಣ್ಣ ಅಳೆಯಲು ಅದನ್ನು ನಂಬಬಾರದು. ಧೋತರದ ನಿಜವಾದ ಉಪಯೋಗ ಬೇರೆ ಇದೆ. ಹನ್ನೊಂದರ ಬಿಸಿಲಿನಲ್ಲಿ ತೆಗೆಯಲೇಬೇಕಾದರೆ ತೆಳ್ಳನೆಯ ಧೋತರವನ್ನು ಇಬ್ಬರು ಹೂವಿನ ಮೇಲೆ ಚಾಚಿ ಹಿಡಿಯಲಿ. ಕಟು ನೆರಳು ಕರಗಿ, ಕುಸುಬಿಯ ಮುಳ್ಳು, ಹಳದಿ ಎಸಳು, ಒಳಗಿನ ಕಿತ್ತಳೆ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ.

ಇಷ್ಟೆಲ್ಲ ಯಾಕೆ, ಫೋಟೋ ಕಣ್ಣಿಗೆ ಚೆಂದ ಕಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಲಾವಿದನಿಗೆ ಬಣ್ಣ ಬದಲಿಸುವ ಹಕ್ಕಿದೆ. ಸಂಡೂರಿನ ಎಂ.ವೈ. ಘೋರ್ಪಡೆ ಅವರು ಬಣ್ಣವನ್ನೇ ಬಿಟ್ಟು ಕಪ್ಪು–ಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ಸೆರೆಹಿಡಿದು ಹೆಸರಾದವರು. ಅದು ತಿಳಿದು ಮಾಡಿದ ಆಯ್ಕೆ. ನನ್ನ ತಕರಾರು ಯಾರೂ ಮಾಡದ ಆಯ್ಕೆಯ ಬಗ್ಗೆ. ಫೋನ್ ತಾನಾಗಿಯೇ ‘ಇದು ಹೂ’ ಎಂದು ಗುರುತಿಸಿ ಬಣ್ಣ ಗಾಢವಾಗಿಸುತ್ತದೆ. ಹಿಡಿದವರಿಗೆ ಅದು ಗೊತ್ತೇ ಇರುವುದಿಲ್ಲ. ಆವರಿಕೆ, ಸೂರ್ಯಕಾಂತಿ, ತೊಗರಿ, ಚೆಂಡು ಹೂ: ನಾಲ್ಕಕ್ಕೂ ನಾಲ್ಕು ಬಗೆಯ ಹಳದಿ. ಫೋನಿನಲ್ಲಿ ಎಲ್ಲವೂ ಒಂದೇ ಹಳದಿಯಾಗುತ್ತಿವೆ. ಈ ಚಿತ್ರಗಳನ್ನೇ ನೋಡುತ್ತ ಬೆಳೆದ ಮಕ್ಕಳಿಗೆ ಹೊಲದ ಹೂ ಸಪ್ಪೆ ಎನಿಸತೊಡಗಿದರೆ ಅದು ಸಣ್ಣ ನಷ್ಟವಲ್ಲ.

ರೈತನಿಗಂತೂ ಬಣ್ಣ ತಪ್ಪಿದರೆ ನಷ್ಟ ನೇರ. ಗುಲಾಬಿ ಕಾಯಿಕೊರಕದ ಮರಿಹುಳು ಹತ್ತಿ ಹೂವಿನೊಳಗೆ ಸೇರಿ ದಳಗಳನ್ನು ನೂಲಿನಿಂದ ಹೆಣೆದುಬಿಡುತ್ತದೆ. ಹೂ ಪೂರ್ತಿ ಬಿಚ್ಚದೆ ಗುಲಾಬಿ ಮೊಗ್ಗಿನಂತೆ ತಿರುಚಿಕೊಂಡಿರುತ್ತದೆ. ಇತ್ತ ನಿನ್ನೆ ಅರಳಿದ ಒಳ್ಳೆಯ ಹೂವೂ ಮುದುಡಿಕೊಂಡೇ ಇರುತ್ತದೆ. ಫೋಟೋದಲ್ಲಿ ಎರಡರ ಆಕಾರ ಹತ್ತಿರ ಹತ್ತಿರ. ಬಿಸಿಲೇರಿದ ಮೇಲೂ ಕೆನೆ ಬಣ್ಣದಲ್ಲೇ ಬಾಯಿ ಕಟ್ಟಿಕೊಂಡಿದ್ದರೆ ಅನುಮಾನ ಹೆಚ್ಚು. ಗುಲಾಬಿಗೆ ತಿರುಗಿ ಮುದುಡಿದ್ದರೆ ಕಡಿಮೆ. ಕಡೆಗೆ ಹೂವನ್ನು ಬಿಡಿಸಿಯೇ ನೋಡಬೇಕು, ನಿಜ. ಆದರೆ ಯಾವ ಹೂವನ್ನು ಬಿಡಿಸಬೇಕು ಎಂಬ ಮೊದಲ ಸುಳಿವು ಬಣ್ಣದ್ದು. ಮೆಣಸಿನಕಾಯಿಯದೂ ಇದೇ ಕಥೆ. 2021ರ ಸುಮಾರಿಗೆ ದಕ್ಷಿಣದ ರಾಜ್ಯಗಳ ಮೆಣಸಿನಕಾಯಿ ಬೆಳೆಗೆ ಬಡಿದ ಕಪ್ಪು ಥ್ರಿಪ್ಸ್ ನುಸಿ ಕೂರುವುದು ಬಿಳಿ ಹೂವಿನೊಳಗೆ. ಬಿಳಿ ಸುಟ್ಟುಹೋದ ಫೋಟೋದಲ್ಲಿ ದಳದ ಮೇಲಿನ ಕಲೆ, ಕೆರೆದ ಗುರುತು ಏನೂ ಉಳಿದಿರುವುದಿಲ್ಲ. ಅಂಥ ಫೋಟೋ ನೋಡಿ ದೂರದ ತಜ್ಞರು ಔಷಧಿ ಹೇಳಬೇಕು, ರೈತ ಸಾಲ ಮಾಡಿ ಅದನ್ನು ಸಿಂಪಡಿಸಬೇಕು. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಚಿತ್ರ ಕುಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಹಾಗೆಯೇ ತಲುಪುತ್ತದೆ.

ಬಣ್ಣಕ್ಕೆ ಇಷ್ಟು ಬೆಲೆ ಕೊಡುವ ಪರಂಪರೆ ನಮ್ಮ ನಾಡಿನಲ್ಲೇ ಇದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಇಲ್ಲಿಯದೇ ಚಿತ್ರಕಾರನಿಂದ ಸುತ್ತಮುತ್ತಲಿನ ಗಿಡಗಳ ಚಿತ್ರ ಬರೆಸಿದ. ಒಣಗಿಸಿಟ್ಟ ಸಸ್ಯದಲ್ಲಿ ಆಕಾರ ಉಳಿಯುತ್ತದೆ, ಬಣ್ಣ ಉಳಿಯುವುದಿಲ್ಲ. ಆದ್ದರಿಂದ ಹೂ ಹಸಿಯಿರುವಾಗಲೇ ಬಣ್ಣ ದಾಖಲಾಗಬೇಕಿತ್ತು. ಇಂದಿಗೂ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಡಿ ಹತ್ತಿ ತಳಿಯೊಂದನ್ನು ನೋಂದಾಯಿಸುವಾಗ ದಳದ ಬಣ್ಣ, ದಳದ ಬುಡದಲ್ಲಿ ಮಚ್ಚೆ ಇದೆಯೇ ಇಲ್ಲವೇ ಎಂಬುದನ್ನು ನೋಡುತ್ತಾರೆ. ಗುಲಾಬಿ, ಸೇವಂತಿಗೆಯಂಥ ಹೂಗಳ ಬಣ್ಣವನ್ನು ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣಪಟ್ಟಿಯ ಜೊತೆ ಹೋಲಿಸಿ ಬರೆದುಕೊಳ್ಳುತ್ತಾರೆ. ಮನೆಯ ಹಿತ್ತಲಲ್ಲಿ ಅಜ್ಜಿಯ ಕಾಲದಿಂದ ಉಳಿದುಬಂದ ಸೇವಂತಿಗೆಯೊಂದನ್ನು ನಮ್ಮ ಹುಡುಗನೊಬ್ಬ ಸರಿಯಾದ ಬಣ್ಣದಲ್ಲಿ ಚಿತ್ರಿಸಿಟ್ಟರೆ, ಆ ಗಿಡ ಸತ್ತ ಮೇಲೂ ಅದು ಹೇಗಿತ್ತು ಎಂದು ಹೇಳುವ ಸಾಕ್ಷಿ ಉಳಿಯುತ್ತದೆ.

ಈ ಕಲಿಕೆಗೆ ದೊಡ್ಡ ಊರಿಗೆ ಹೋಗಬೇಕಿಲ್ಲ. ಹೈಸ್ಕೂಲಿನಲ್ಲಿ ಬೆಳಕಿನ ಪಾಠ ಮಾಡುವ ವಿಜ್ಞಾನ ಶಿಕ್ಷಕರು ಒಂದು ಫೋನ್, ಒಂದು ಬೂದು ಕಾರ್ಡ್, ಶಾಲೆಯ ಅಂಗಳದ ಒಂದು ದಾಸವಾಳ ಇಟ್ಟುಕೊಂಡು ಅದನ್ನು ಕೈಯಾರೆ ಮಾಡಿಸಬಹುದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ರೋಗ–ಕೀಟದ ಫೋಟೋ ತೆಗೆಯುವುದು ಹೇಗೆ ಎಂದು ರೈತರಿಗೆ ತೋರಿಸಿಕೊಡುವ ಒಂದು ಮಳಿಗೆ ಬರಲಿ. ಬೀಜ, ಯಂತ್ರದ ಮಳಿಗೆಗಳಷ್ಟೇ ಅದೂ ಉಪಯೋಗಕ್ಕೆ ಬರುತ್ತದೆ. ಫಲಪುಷ್ಪ ಪ್ರದರ್ಶನಗಳ ಜೊತೆ ಫೋಟೋ ಸ್ಪರ್ಧೆ ಏರ್ಪಡಿಸುವವರು ಹೂಗಳಿಗೆ ಒಂದು ಪ್ರತ್ಯೇಕ ವಿಭಾಗ ಮಾಡಲಿ: ತಿದ್ದದ ಮೂಲ ಫೈಲ್ ಕೊಡಬೇಕು, ಹೂವಿನ ಹೆಸರು, ಊರು, ತೆಗೆದ ಹೊತ್ತು ಬರೆದಿರಬೇಕು, ಬಣ್ಣ ನಿಜವಾಗಿರುವುದಕ್ಕೆ ಅಂಕ ಸಿಗಬೇಕು. ಬಣ್ಣ ಬಳಿದ ಚಿತ್ರಕ್ಕೆ ಬಹುಮಾನ ಸಿಗುತ್ತಿರುವವರೆಗೆ ಹುಡುಗರು ಬಣ್ಣ ಬಳಿಯುವುದನ್ನೇ ಕಲಿಯುತ್ತಾರೆ. ನಿಜವಾದ ಬಣ್ಣಕ್ಕೆ ಬೆಲೆ ಕೊಟ್ಟು ನೋಡಿ. ಹೂವಿನ ಮುಂದೆ ಕೂತು ಬೆಳಕು ಓದುವುದನ್ನು ಅವರು ತಾವಾಗಿಯೇ ಕಲಿಯುತ್ತಾರೆ.