ಫೇಲಾದ ಮಗುವಿನ ಓದು ಬಿಡಿಸಬೇಡಿ

ತಂದೆ ತಾಯಂದಿರು, ಊರಿನ ಹಿರಿಯರು, ಪಂಚಾಯಿತಿ ಹಾಗೂ ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ಮನವಿ



ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಪಾಸಾದವರ ಮನೆಯಲ್ಲಿ ಸಿಹಿ ಹಂಚುತ್ತಾರೆ. ಫೇಲಾದವರ ಮನೆಯಲ್ಲಿ ಅವತ್ತೇ ತೀರ್ಮಾನವಾಗಿಬಿಡುತ್ತದೆ. ಹುಡುಗನಾದರೆ ಗಾರೆ ಕೆಲಸಕ್ಕೋ ಗ್ಯಾರೇಜಿಗೋ ಹೊರಡಬೇಕು. ಹುಡುಗಿಯಾದರೆ ಮನೆಗೆಲಸ, ಕೂಲಿ, ಹಿಂದೆಯೇ ಗಂಡು ನೋಡುವ ಮಾತು. 'ಇವರ ಹಣೆಯಲ್ಲಿ ವಿದ್ಯೆ ಬರೆದಿಲ್ಲ ಬಿಡಿ' ಎಂದು ಯಾರೋ ಹೇಳುತ್ತಾರೆ, ಹತ್ತು ವರ್ಷದ ಓದು ಅಲ್ಲಿಗೆ ಮುಗಿಯುತ್ತದೆ. ಒಂದು ವರ್ಷ ಮಳೆ ಕೈಕೊಟ್ಟಿತೆಂದು ಹೊಲ ಮಾರುವ ರೈತರು ನಾವಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಇಷ್ಟು ಅವಸರ ಏಕೆ?

ತಪ್ಪು ಮಗುವಿನದೊಂದೇ ಅಲ್ಲ

2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಮೂವರು ಮಕ್ಕಳಲ್ಲಿ ಒಬ್ಬರು ತೇರ್ಗಡೆಯಾಗಲಿಲ್ಲ. ದಕ್ಷಿಣ ಕನ್ನಡದಲ್ಲಿ ಶೇ 91ರಷ್ಟು ಮಕ್ಕಳು ಪಾಸಾದರೆ ಕಲಬುರಗಿಯಲ್ಲಿ ಪಾಸಾದವರು ಶೇ 42ರಷ್ಟು. ಕಲಬುರಗಿಯ ಮಕ್ಕಳು ಮಂಗಳೂರಿನ ಮಕ್ಕಳಿಗಿಂತ ಸೋಮಾರಿಗಳೇ? ತೊಗರಿ ಹೊಲದಲ್ಲಿ ಅಪ್ಪ ಅಮ್ಮನ ಜೊತೆ ದುಡಿಯುವ, ದುಡಿಮೆ ಹುಡುಕಿ ಗುಳೆ ಹೋಗುವ ಮನೆಗಳ ಮಕ್ಕಳನ್ನು ಸೋಮಾರಿಗಳೆನ್ನಲು ಬಾಯಿ ಬರಬಾರದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ (ಇಂದಿನ ಕಲಬುರಗಿ) ವಿಭಾಗದಲ್ಲೇ ಇದ್ದವು. ಗಣಿತಕ್ಕೆ ಮೇಷ್ಟ್ರಿಲ್ಲದ ಶಾಲೆಯಲ್ಲಿ ಕೂತ ಮಗು ಗಣಿತದಲ್ಲಿ ಫೇಲಾದರೆ ಅದು ಆ ಮಗುವೊಂದರ ಸೋಲಲ್ಲ.

ಹಾಗೆಂದು ಮಗು ಕಷ್ಟಪಡಬೇಕಿಲ್ಲ ಎಂದು ನಾವು ಹೇಳುತ್ತಿಲ್ಲ. ಕಷ್ಟಪಡಲೇಬೇಕು. ಕಷ್ಟಪಡುವ ಮಗುವಿಗೆ ಅನ್ನ, ಜಾಗ, ಹೊತ್ತು ಕೊಡುವುದು ದೊಡ್ಡವರ ಹೊಣೆ.

ಗೆದ್ದವರ ಹಿಂದೆ ಯಾರಿದ್ದರು?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ. ತಾಯಿ ಕೂಲಿ ಮಾಡುತ್ತಿದ್ದರು. ಪ್ರಯಾಣಕ್ಕೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಡೆದ ಕಾಲುಗಳು ಅವರವು. ದಾರಿ ತೋರಿದ ಮೇಷ್ಟ್ರು, ಸೇರಿಸಿಕೊಂಡ ಶಾಲೆ ಇಲ್ಲದಿದ್ದರೆ ಆ ನಡಿಗೆ ಎಲ್ಲಿಗೆ ಮುಟ್ಟುತ್ತಿತ್ತು? ಅದನ್ನು ಬಲ್ಲವರಾದ್ದರಿಂದಲೇ ಅವರು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಯಲು ದುಡಿದರು.

ಬಾಬಾಸಾಹೇಬ್ ಅಂಬೇಡ್ಕರರ ಓದಿನ ಹಸಿವು ಎಲ್ಲರಿಗೂ ಗೊತ್ತು. 1913ರಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ನಮ್ಮ ಕವಿ ಸಿದ್ಧಲಿಂಗಯ್ಯ ಓದಿದ್ದು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಉಂಡು ಮಲಗಿ. ತುಮಕೂರಿನ ಸಿದ್ಧಗಂಗಾ ಮಠದವರು ಜಾತಿ ಕೇಳದೆ ಅನ್ನ, ವಸತಿ ಕೊಟ್ಟು ಸಾವಿರಾರು ಮಕ್ಕಳನ್ನು ಓದಿಸುತ್ತ ಬಂದಿದ್ದಾರೆ. ಹೀಗೆ ಓದಿ ಬೆಳೆದವರ ಹೆಸರು ಹೇಳಿ 'ನೋಡು, ಹೇಗೆ ಓದಿದರು' ಎಂದು ಮಗುವಿಗೆ ಬುದ್ಧಿ ಹೇಳುವ ನಾವು, 'ಯಾರು ಓದಿಸಿದರು' ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

'ಓದಿದವರೇ ಖಾಲಿ ಕೂತಿದ್ದಾರಲ್ಲ?'

ಈ ಮಾತು ಸುಳ್ಳಲ್ಲ. ಡಿಗ್ರಿ ಮುಗಿಸಿ ಕೆಲಸ ಸಿಗದವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಹತ್ತನೇ ತರಗತಿ ಪಾಸಾಗದವರಿಗೆ ಪಿಯುಸಿ ಇಲ್ಲ, ಡಿಪ್ಲೊಮಾ ಇಲ್ಲ, ಐಟಿಐಯ ಬಹುಪಾಲು ಟ್ರೇಡುಗಳೂ ಇಲ್ಲ. ಉಳಿಯುವುದು ಮೈಮುರಿಯುವ ಕೂಲಿ ಮಾತ್ರ, ಅದೂ ಮೈಯಲ್ಲಿ ಕಸುವಿರುವವರೆಗೆ. ಓದಿನ ಲಾಭ ನೌಕರಿಯೊಂದೇ ಅಲ್ಲ. ಪಹಣಿಯಲ್ಲಿ ಯಾರ ಹೆಸರಿದೆ, ಸಾಲಪತ್ರದಲ್ಲಿ ಬಡ್ಡಿ ಎಷ್ಟಿದೆ, ಹಾಜರಿ ಪುಸ್ತಕದಲ್ಲಿ ಎಷ್ಟು ದಿನ ಬರೆದಿದ್ದಾರೆ ಎಂದು ತಾನೇ ಓದಿ ನೋಡಬಲ್ಲವರನ್ನು ಮೋಸ ಮಾಡುವುದು ಸುಲಭವಲ್ಲ.

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಿಗೆ ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಈ ಅವಮಾನ ತನ್ನೂರ ಮಕ್ಕಳಿಗೆ ಬೇಡವೆಂದು ಹಣ್ಣು ಮಾರಿದ ದುಡ್ಡು ಕೂಡಿಟ್ಟು, ಕಚೇರಿಗಳಿಗೆ ಅಲೆದು ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಓದಿನ ಬೆಲೆ ಓದಲು ಸಿಗದವರಿಗೆ ಹೆಚ್ಚು ಗೊತ್ತು.

ಈಗಲೇ ಮಾಡಬೇಕಾದದ್ದು

1. ಫಲಿತಾಂಶ ಬಂದ ವಾರದಲ್ಲೇ ಮಗುವನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರನ್ನು ಕಾಣಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ. ಫೇಲಾದ ವಿಷಯಗಳನ್ನಷ್ಟೇ ಬರೆದರೆ ಸಾಕು. ಅರ್ಜಿಯ ಕೊನೆಯ ದಿನ ಕೇಳಿ ಬರೆದಿಟ್ಟುಕೊಳ್ಳಿ.

2. ಸಂಜೆ ಎರಡು ಗಂಟೆ ಮಗುವಿನ ಓದಿಗೆ ಬಿಡಿ. ಟಿವಿ ಆರಿಸಿ. ಮಗಳ ಪಾಲಿನ ಪಾತ್ರೆ, ನೀರಿನ ಕೆಲಸವನ್ನು ಮಗನೂ ಹಂಚಿಕೊಳ್ಳಲಿ.

3. ಮನೆಯಲ್ಲಿ ಜಾಗವಿಲ್ಲದವರಿಗೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನೋ ಸಮುದಾಯ ಭವನವನ್ನೋ ರಾತ್ರಿ ಎಂಟರವರೆಗೆ ತೆರೆಸಿ. ಊರಿನ ಡಿಗ್ರಿ ಹುಡುಗ ಹುಡುಗಿಯರು ಗಣಿತ, ಇಂಗ್ಲಿಷ್, ವಿಜ್ಞಾನ ಹೇಳಿಕೊಡಲಿ.

4. ಪಾಸಾದ ಮೇಲೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಹಾಸ್ಟೆಲಿಗೆ ತಡಮಾಡದೆ ಅರ್ಜಿ ಹಾಕಿಸಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ 'ವಿದ್ಯಾಸಿರಿ' ಯೋಜನೆಯ ಬಗ್ಗೆ ವಿಚಾರಿಸಿ.

5. ಹದಿನೆಂಟು ತುಂಬದ ಮಗಳ ಮದುವೆ ಅಪರಾಧ. ಎಲ್ಲಾದರೂ ಅಂಥ ಸಿದ್ಧತೆ ನಡೆದಿದ್ದರೆ 1098ಕ್ಕೆ ಕರೆ ಮಾಡಿ.

ಮಕ್ಕಳೇ, ನಿಮಗೊಂದು ಮಾತು

ಹೆದರಿಸುವ ವಿಷಯವನ್ನೇ ಮೊದಲು ಹಿಡಿಯಿರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬರೆಯಿರಿ. ತಿಳಿಯದ್ದನ್ನು ಕೇಳಲು ನಾಚಬೇಡಿ. ಅಂಕಪಟ್ಟಿ ನೀವು ಮೂರು ಗಂಟೆಯಲ್ಲಿ ಬರೆದದ್ದನ್ನು ಅಳೆದಿದೆ, ನಿಮ್ಮನ್ನಲ್ಲ. ದಿನವೂ ಓದಲು ಕೂರುವುದು ನಿಮ್ಮ ಪಾಲಿನ ಕೆಲಸ. ಉಳಿದದ್ದನ್ನು ನಮ್ಮಿಂದ ಹಕ್ಕಿನಿಂದ ಕೇಳಿ.

ಊರಿನ ಒಂದು ಮಗುವೂ ಈ ವರ್ಷ ಓದು ಬಿಡಕೂಡದು. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.

— ಸರ್ಕಾರಿ ಶಾಲೆಗಳಲ್ಲಿ ಓದಿ ಬೆಳೆದವರ ಪರವಾಗಿ