ಸೊನ್ನೆ ತೋರಿಸುವ ಮುಳ್ಳು

ಬ್ಲಾಗಿಗೆ ಧೂಳು ಹಿಡಿದು ತಿಂಗಳ ಮೇಲಾಯಿತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :-) ಕಳೆದ ವಾರ ಊರಿಗೆ, ಅಂದರೆ ಹಳಿಯಾಳಕ್ಕೆ ಹೋಗಿದ್ದೆ. ಅಲ್ಲಿಂದ ಜೋಯಿಡಾ ಆಚೆಗಿರುವ ಮಾಮಾನ ಮನೆಗೂ ಹೋಗಿ ಬಂದೆ. ಅಲ್ಲಿ ಕಂಡದ್ದೊಂದು ಇನ್ನೂ ತಲೆ ಕೊರೆಯುತ್ತಿದೆ. ನಿಮ್ಮ ಜೊತೆ ಹಂಚಿಕೊಂಡರೆ ಸ್ವಲ್ಪ ಹಗುರಾದೀತು.

ಮಾಮಾನ ಹತ್ತಿರ ಒಂದು ಹಳೇ ಡೀಸೆಲ್ ಜೀಪು ಇದೆ. ಅದರ ಡ್ಯಾಶ್‌ಬೋರ್ಡಿನಲ್ಲಿ ಒಂದು ಆಂಪಿಯರ್ ಮೀಟರ್. ಮಧ್ಯದಲ್ಲಿ ಸೊನ್ನೆ, ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್. ಈಗಿನ ಕಾರುಗಳಲ್ಲಿ ಇದು ಇರೋದಿಲ್ಲ, ಬ್ಯಾಟರಿ ಚಿತ್ರದ ಒಂದು ಕೆಂಪು ದೀಪ ಇರುತ್ತೆ ಅಷ್ಟೇ. ಎರಡು ಮಳೆಗಾಲದ ಹಿಂದೆ ಮಾಮಾ ಒಂದು ವಿಷಯ ಗಮನಿಸಿದ್ದರು. ಹಗಲು ಹೊತ್ತು ಮುಳ್ಳು ಪ್ಲಸ್ ಕಡೆ ಇರುತ್ತೆ. ರಾತ್ರಿ ಹೆಡ್‌ಲೈಟ್ ಮತ್ತು ವೈಪರ್ ಎರಡೂ ಹಾಕಿದರೆ ಮೈನಸ್ ಕಡೆ ವಾಲುತ್ತೆ. ಆ ಮಳೆಗಾಲದಲ್ಲಿ ಬ್ಯಾಟರಿ ಸತ್ತಿತು, ಹೊಸದು ಹಾಕಿಸಿದರು. ಮುಂದಿನ ಮಳೆಗಾಲದಲ್ಲಿ ಅದೂ ಸತ್ತಿತು. ಮತ್ತೆ ಹೊಸದು. ಆಗ ಮಾಮಾ ಗ್ಯಾರೇಜಿನವನಿಗೆ ಮುಳ್ಳಿನ ಕಥೆ ಹೇಳಿದರಂತೆ. ಅವನ ಉತ್ತರ:

"ಮೀಟರ್ ಕೆಟ್ಟೈತ್ರಿ ಕಾಕಾ. ಬೈಪಾಸ್ ಮಾಡೇನಿ, ಈಗ ಮೈನಸ್ ತೋರಸಂಗಿಲ್ಲ ನೋಡ್ರಿ."

ನಿಜ, ತೋರಿಸಲಿಲ್ಲ. ಮೀಟರಿನ ಎರಡೂ ವೈರ್ ಬಿಚ್ಚಿ ಒಂದಕ್ಕೊಂದು ಸೇರಿಸಿದ ಮೇಲೆ ಅದು ಏನನ್ನು ತೋರಿಸೀತು? ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿತು. ಮಾಮಾನಿಗೂ ಸಮಾಧಾನವಾಯಿತು.

ಈ ವರ್ಷ ಆಷಾಢದ ಒಂದು ರಾತ್ರಿ ವೈನಿಗೆ ಹೆರಿಗೆ ನೋವು ಶುರುವಾಯಿತು. ಜೀಪಿನಲ್ಲಿ ದಾಂಡೇಲಿಗೆ ಹೊರಟಿದ್ದಾರೆ. ಗಣೇಶಗುಡಿ ಇನ್ನೂ ಬಂದಿಲ್ಲ, ದಾರಿಗೆ ಅಡ್ಡ ಒಂದು ಮರ. ಎಂಜಿನ್ ಬಂದ್ ಮಾಡಿ, ಬೆಳಕಿಗೆ ಹೆಡ್‌ಲೈಟ್ ಹಾಗೇ ಇಟ್ಟು, ಟೊಂಗೆ ಕಡಿದು ದಾರಿ ಮಾಡಿದರು. ಅರ್ಧ ಗಂಟೆ ಹಿಡಿಯಿತು. ವಾಪಸ್ ಬಂದು ಕೀ ತಿರುಗಿಸಿದರೆ 'ಟಿಕ್' ಅಂತ ಒಂದು ಸದ್ದು, ಅಷ್ಟೇ. ಸುರಿಯೋ ಮಳೆ, ಕಾಡು, ಹಿಂದಿನ ಸೀಟಿನಲ್ಲಿ ವೈನಿ. ಆ ಜಾಗದಿಂದ ಸ್ವಲ್ಪ ಮುಂದೆ ಸೂಪಾ ಅಣೆಕಟ್ಟಿನ ಬುಡದಲ್ಲಿ 100 ಮೆಗಾವ್ಯಾಟಿನ ವಿದ್ಯುತ್ ಮನೆ ಇದೆ. ಇವರಿಗೆ ಬೇಕಾಗಿದ್ದದ್ದು 12 ವೋಲ್ಟು! ದೇವರ ದಯೆ, ರಸ್ತೆ ಇಳಿಜಾರಾಗಿತ್ತು. ತಳ್ಳಿ ಸ್ಟಾರ್ಟ್ ಮಾಡಿದರು. ತಾಯಿ ಮಗು ಈಗ ಆರಾಮಾಗಿದ್ದಾರೆ. ಆದರೆ ಆ ರಾತ್ರಿಯ ಮಾತು ಬಂದರೆ ಮಾಮಾ ಈಗಲೂ ಸುಮ್ಮನಾಗಿಬಿಡ್ತಾರೆ.

ಇದನ್ನೆಲ್ಲ ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಗಲು ಇನ್ನೊಂದು ಕಾರಣವೂ ಇದೆ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ನಾನು ಬೆಂಗಳೂರಿನಲ್ಲಿ ಮಾಡುತ್ತಿರುವ ಕೆಲಸವೇ ಸಣ್ಣ ವಿಮಾನಗಳ ಮೀಟರ್‌ಗಳನ್ನು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಬರೆಯೋದು. ಬ್ಯಾಟರಿ ಕರೆಂಟಿನ ಆ ಒಂದು ಅಂಕಿಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡವನು ನಾನು. ನಮ್ಮ ಮನೆಯ ಜೀಪಿನ ಮೀಟರನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ.

ಸಣ್ಣ ವಿಮಾನ ಅಂದರೆ ಸೆಸ್ನಾ 172, ಪೈಪರ್, ನಮ್ಮ ಬೆಂಗಳೂರಿನ ಎನ್‌ಎಎಲ್ ಮಾಡಿದ ಹಂಸ ಇಂಥವು. ಹಂಸ ಮೊದಲು ಹಾರಿದ್ದು 1993ರಲ್ಲಿ, ಹೊಸ ಪೀಳಿಗೆಯ ಹಂಸ ಹಾರಿದ್ದು 2021ರಲ್ಲಿ. ಇವುಗಳ ವಿದ್ಯುತ್ ವ್ಯವಸ್ಥೆಗೂ ಜೀಪಿನದಕ್ಕೂ ಬಹಳ ದೂರವೇನಿಲ್ಲ. ಒಂದು ಬ್ಯಾಟರಿ, ಒಂದು ಆಲ್ಟರ್ನೇಟರ್ (ನಮ್ಮ ಕಡೆ ಎಲ್ಲದಕ್ಕೂ ಡೈನಮೋ ಅಂತಲೇ ಅನ್ನೋದು), ನಡುವೆ ಒಂದು ಮೀಟರ್.

ತಮಾಷೆ ಏನು ಗೊತ್ತಾ? ಮೀಟರ್ ಎಲ್ಲಿ ಕೂತಿದೆ ಅನ್ನೋದರ ಮೇಲೆ ಅದರ ಸೊನ್ನೆಯ ಅರ್ಥವೇ ಬದಲಾಗುತ್ತೆ. ಹಳೆಯ ಸೆಸ್ನಾಗಳಲ್ಲಿ ಮೀಟರ್ ಬ್ಯಾಟರಿಯ ದಾರಿಯಲ್ಲಿರುತ್ತೆ, ಥೇಟ್ ಜೀಪಿನ ಹಾಗೆ. ಅಲ್ಲಿ ಸೊನ್ನೆ ಅಂದರೆ ಬ್ಯಾಟರಿ ತುಂಬಿದೆ, ಎಲ್ಲ ಕ್ಷೇಮ. ಅನೇಕ ಪೈಪರ್‌ಗಳಲ್ಲಿ ಮೀಟರ್ ಆಲ್ಟರ್ನೇಟರಿನ ದಾರಿಯಲ್ಲಿರುತ್ತೆ. ಅಲ್ಲಿ ಸೊನ್ನೆ ಅಂದರೆ ಆಲ್ಟರ್ನೇಟರ್ ಸತ್ತಿದೆ, ಬೇಗ ಇಳಿಯೋ ದಾರಿ ನೋಡು! ಇನ್ನು ಮಾಮಾನ ಜೀಪಿನ ಸೊನ್ನೆ ಮೂರನೇ ಥರದ್ದು: ಮೀಟರೇ ಸತ್ತಿದೆ. ಅಂಕಿ ಒಂದೇ, ಅರ್ಥ ಮೂರು.

ಹಾಗಾಗಿ ನಾವು ಒಂದು ಅಂಕಿಯನ್ನು ನಂಬಿ ಕೂರೋದಿಲ್ಲ, ಮೂರು ಹೊತ್ತಿನಲ್ಲಿ ನೋಡ್ತೀವಿ. ಎಂಜಿನ್ ಬಂದ್ ಇದ್ದಾಗ ಒಂದು ದೊಡ್ಡ ದೀಪ ಹಾಕಬೇಕು. 100 ವ್ಯಾಟಿನ ದೀಪವಾದರೆ ಮುಳ್ಳು ಸುಮಾರು 8 ಆಂಪಿಯರ್ ಮೈನಸ್ ಕಡೆ ಹೋಗಬೇಕು. ಪ್ಲಸ್ ಕಡೆ ಹೋದರೆ ವೈರ್ ಅದಲು ಬದಲಾಗಿದೆ. ಅಲ್ಲಾಡದೇ ಇದ್ದರೆ ಮೀಟರ್ ಸತ್ತಿದೆ, ಇಲ್ಲವೇ ಅದು ಬ್ಯಾಟರಿಯ ದಾರಿಯಲ್ಲಿಲ್ಲ. ಎಂಜಿನ್ ಶುರುವಾದ ಕೂಡಲೇ ನೋಡಿದರೆ ಪ್ಲಸ್ ಕಡೆ ಜೋರಾಗಿ ಜಿಗಿದಿರಬೇಕು, ಯಾಕಂದರೆ ಸ್ಟಾರ್ಟರ್ ತಿಂದದ್ದನ್ನು ಬ್ಯಾಟರಿ ವಾಪಸ್ ತುಂಬಿಕೊಳ್ತಿರುತ್ತೆ. ಆಮೇಲೆ ಮೆಲ್ಲಗೆ ಸೊನ್ನೆಯ ಹತ್ತಿರ ಬರಬೇಕು. ಅರ್ಧ ಗಂಟೆ ಹಾರಿದ ಮೇಲೆ ಮುಳ್ಳು ತನ್ನ ಎರಡು ದಪ್ಪದಷ್ಟೂ ಪ್ಲಸ್ ತೋರಿಸಬಾರದು ಅಂತ ಸೆಸ್ನಾ ಕೈಪಿಡಿಯೇ ಹೇಳುತ್ತೆ. ಇಳಿಯದೇ ನಿಂತರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಬಿಸಿಯಾಗ್ತಿದೆ ಅಂತ ಅರ್ಥ. ಈ ಮೂರು ನೋಟಕ್ಕೆ ಕಾಸು ಖರ್ಚಿಲ್ಲ, ತಾಳ್ಮೆ ಇದ್ದರೆ ಸಾಕು.

ಅದನ್ನೇ ಜೀಪಿಗೆ ಮಾಡಿದೆ. ಮೀಟರನ್ನು ವಾಪಸ್ ಜೋಡಿಸಿದೆ. ಮೀಟರ್ ಸರಿಯಾಗೇ ಇತ್ತು! ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ವೈಪರ್ ಎಲ್ಲ ಹಾಕಿ ಮಲ್ಟಿಮೀಟರ್ ಹಿಡಿದೆ. ಡೈನಮೋದ ಬೋಲ್ಟಿನ ಮೇಲೆ 14.2 ವೋಲ್ಟ್. ಬ್ಯಾಟರಿಯ ಮೇಲೆ 12.2. ನಡುವೆ 2 ವೋಲ್ಟ್ ಎಲ್ಲಿ ಹೋಯಿತು? ಡೈನಮೋದಿಂದ ಹೊರಡುವ ದಪ್ಪ ವೈರಿನ ತುದಿಯ ಲಗ್ಗು ಹಸಿರುಗಟ್ಟಿ, ಕರಕಲಾಗಿ ಕೂತಿತ್ತು. ಹಗಲಿನಲ್ಲಿ ಕರೆಂಟ್ ಕಡಿಮೆ, ಹಾಗಾಗಿ ಆ ಸಂದಿಯಲ್ಲಿ ಸೋರುವ ವೋಲ್ಟೂ ಕಡಿಮೆ, ಬ್ಯಾಟರಿ ಹೇಗೋ ತುಂಬುತ್ತಿತ್ತು. ಮಳೆಗಾಲದ ರಾತ್ರಿ ಕರೆಂಟ್ ಜಾಸ್ತಿ, ಸೋರಿಕೆಯೂ ಜಾಸ್ತಿ. ಡೈನಮೋ ಕೊಟ್ಟದ್ದು ಸಾಲದೆ ಬ್ಯಾಟರಿ ತನ್ನ ಗಂಟನ್ನೇ ಕರಗಿಸುತ್ತಿತ್ತು. ಮುಳ್ಳು ಎರಡು ವರ್ಷದಿಂದ ಹೇಳುತ್ತಿದ್ದದ್ದು ಅದನ್ನೇ. ಲಗ್ಗು ಕತ್ತರಿಸಿ, ತಾಮ್ರ ಉಜ್ಜಿ, ಹೊಸ ಲಗ್ಗು ಹಾಕಿದೆ. ನಡುವಿನ ವ್ಯತ್ಯಾಸ 0.2 ವೋಲ್ಟಿಗೆ ಇಳಿಯಿತು. ಒಂದು ಚಹಾದ ದುಡ್ಡಿನ ಲಗ್ಗಿಗೆ ಎರಡು ಬ್ಯಾಟರಿ ಬಲಿಯಾಗಿದ್ದವು.

ಗ್ಯಾರೇಜಿನವನನ್ನು ಬೈದು ಈ ಪೋಸ್ಟ್ ಮುಗಿಸಬಹುದಿತ್ತು. ಮಾಮಾ ಕೂಡ ಬೈದರು. ಆದರೆ ಯೋಚಿಸಿ ನೋಡಿದರೆ ತಪ್ಪು ಅವನೊಬ್ಬನದಲ್ಲ. ಅವನು ಬ್ಯಾಟರಿ ಬದಲಿಸಿದರೆ ನಾವು ದುಡ್ಡು ಕೊಡ್ತೀವಿ. ಒಂದು ಗಂಟೆ ಕೂತು ಅಳೆದು, "ಬ್ಯಾಟರಿ ಚಲೋ ಐತಿ, ಲಗ್ಗು ಹೋಗೈತಿ" ಅಂದು 300 ರೂಪಾಯಿ ಕೇಳಿದರೆ "ಏನ್ ಮಾಡಿ ಅಂತ ಇಷ್ಟು ಕೇಳ್ತಿ?" ಅಂತೀವಿ. ಸಾಮಾನಿಗೆ ಬೆಲೆ ಇದೆ, ಅಳತೆಗೆ ಇಲ್ಲ. ಹೀಗಿರುವಾಗ ಅಳೆಯೋನು ಯಾಕೆ ಅಳೆದಾನು? ಹಳಿಯಾಳ, ಮುಂಡಗೋಡದ ಟ್ರಾಕ್ಟರುಗಳನ್ನು ಒಮ್ಮೆ ಬಗ್ಗಿ ನೋಡಿ, ಮೀಟರ್ ಜಾಗದಲ್ಲಿ ಬರೀ ತೂತು ಇರೋದು ಎಷ್ಟೋ ಸಿಗುತ್ತೆ.

ನಾವೇನು ಕಮ್ಮಿ? ನಮ್ಮ ಆಫೀಸುಗಳಲ್ಲಿ ರಾತ್ರಿ ಪದೇ ಪದೇ ಬರುವ ಅಲರ್ಟನ್ನು ಏನು ಮಾಡ್ತೀವಿ ಹೇಳಿ. ಮ್ಯೂಟ್! ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹಸಿರು ಪರದೆ ನೋಡಿ ನೆಮ್ಮದಿಯಾಗಿ ಮಲಗೋದು. ಗ್ಯಾರೇಜಿನವನು ಮಾಡಿದ್ದೂ ಅದೇ, ಅವನ ಹತ್ತಿರ ಡಿಗ್ರಿ ಇರಲಿಲ್ಲ ಅಷ್ಟೇ.

"ವಿಮಾನಕ್ಕೆ ಇಷ್ಟು ನಾಜೂಕು ಬೇಕು, ಹಳೇ ಜೀಪಿಗೆ ಯಾಕೋ?" ಅಂತ ಅಪ್ಪ ಕೇಳಿದರು. ಸಣ್ಣ ವಿಮಾನಗಳ ಎಂಜಿನ್ನಿಗೆ ಕಿಡಿ ಕೊಡೋದು ಬಹುಪಾಲು ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ವಿದ್ಯುತ್ ಪೂರ್ತಿ ಹೋದರೂ ಎಂಜಿನ್ ನಿಲ್ಲೋದಿಲ್ಲ. ಮೇಲಾಗಿ ಅದನ್ನು ನೋಡಿಕೊಳ್ಳೋಕೆ ಲೈಸೆನ್ಸ್ ಇರುವ ಎಂಜಿನಿಯರ್, ಸಹಿ ಹಾಕಬೇಕಾದ ಪುಸ್ತಕ ಎಲ್ಲ ಇದೆ. ಜೋಯಿಡಾದ ಕಾಡಿನಲ್ಲಿ ನಿಂತ ಜೀಪಿಗೆ ಇದ್ದದ್ದು ಆ ಮುಳ್ಳೊಂದೇ. ಅದನ್ನೂ ಸೊನ್ನೆಗೆ ನಿಲ್ಲಿಸಿದ್ದೆವು.

ಹೊರಡುವಾಗ ನನ್ನ ಮಲ್ಟಿಮೀಟರನ್ನು ಮಾಮಾನ ಜೀಪಿನಲ್ಲೇ ಬಿಟ್ಟು ಬಂದೆ. ಹೇಗೆ ಹಿಡಿಯಬೇಕು ಅಂತ ಹೇಳಿಕೊಟ್ಟಿದ್ದೇನೆ. ನಿನ್ನೆ ಫೋನ್ ಮಾಡಿದ್ದರು. "ಅರ್ಧಾ ತಾಸು ಓಡಿಸಿದ್ಯಾ, ಮುಳ್ಳು ಸೊನ್ನಿಗೆ ಬಂತು ನೋಡಪಾ. ಇದು ಖರೇ ಸೊನ್ನಿ ಹೌದಲ್ಲೋ?"

ಹೌದು ಮಾಮಾ, ಈ ಸಲದ್ದು ಖರೇ ಸೊನ್ನೆ.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಹೀಗೆ ಬಾಯಿ ಮುಚ್ಚಿಸಿದ ಮೀಟರ್ ಇದೆಯಾ? ಇದ್ದರೆ ಒಮ್ಮೆ ವಾಪಸ್ ಜೋಡಿಸಿ ನೋಡಿ. ಏನಾಯಿತು ಅಂತ ಬರೆಯಿರಿ, ಕಾಯ್ತಿರ್ತೀನಿ.